ಟೈಲರಣ್ಣನ ಎರಡು ವಾಚು

ಎದುರುಸಾಲಿನ ಟೈಲರಣ್ಣ ನಮ್ಮ ವಾಚಿನ ಅಂಗಡಿಗೆ ಬಂದರೆಂದರೆ ನನ್ನ ತಲೆ ಗಿರ್ರೆನ್ನುತ್ತದೆ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿರುವಂತೆಯೇ ಬಂದು, ಸ್ಟಾಪ್‌ವಾಚ್ ಇರುವ ಕ್ರೋನೋಗ್ರಾಫ್ ಕೈಗಡಿಯಾರಗಳಲ್ಲಿ ಅಗ್ಗದ್ದೊಂದು, ದುಬಾರಿಯದ್ದೊಂದು ಕೇಳಿ, ಅಕ್ಕಪಕ್ಕ ಮಲಗಿಸಿ, ಎರಡರ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಉಸಿರು ಬಿಗಿಹಿಡಿದು ನೋಡುತ್ತಾರೆ. "ಎರಡೂ ಒಂದೇ ಸಮ ಓಡ್ತಿವೆಯಲ್ಲಪ್ಪಾ, ಮತ್ತೆ ಇದಕ್ಯಾಕೆ ಆ ಪಾಟಿ ರೇಟು?" ನಾನು ಗಾಜು, ಸ್ಪ್ರಿಂಗು, ಗ್ಯಾರಂಟಿ ಎಂದೆಲ್ಲ ಒದರುತ್ತೇನೆ, "ಹೌದಾ, ಸರಿ ಸರಿ" ಎಂದು ತಲೆಯಾಡಿಸಿ ಮತ್ತೆ ಮೊದಲಿಂದ ಶುರು. ಆಳನ್ನು ನೋಡಿಯೇ ಅಂಗಿಯ ಅಳತೆ ಹೇಳುವ ಮನುಷ್ಯ ಇಲ್ಲಿ ಕಕ್ಕಾಬಿಕ್ಕಿ. ಕೊನೆಗೆ ಯಾವುದನ್ನೂ ಕೊಳ್ಳದೆ ಎರಡನ್ನೂ ಒರೆಸಿಟ್ಟು ಹೋಗುತ್ತಾರೆ. ಅಷ್ಟರಲ್ಲಿ ಯಾವುದು ಅಗ್ಗದ್ದೆಂದು ನನಗೇ ಗೊಂದಲ. ಇವತ್ತು ರೇಗಿ ಕೇಳಿಯೇಬಿಟ್ಟೆ, "ಅಣ್ಣಾ, ಅಷ್ಟಕ್ಕೂ ನೀವು ಯಾರ ಓಟ ಅಳೀಬೇಕು?" ಅವರು ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಮಗಳಿಗೆ ಫಿಟ್ಸ್ ಬರುತ್ತಪ್ಪಾ. ಎಷ್ಟು ಹೊತ್ತಿತ್ತು ಅಂತ ಡಾಕ್ಟರು ಕೇಳ್ತಾರೆ. ನನಗೆ ಪ್ರತಿ ಸಲ ಅರ್ಧ ದಿನ ಅನ್ಸುತ್ತೆ." ಆಮೇಲೆ ದುಬಾರಿಯದ್ದನ್ನು ಮೆಲ್ಲಗೆ ಮುಟ್ಟಿ ಕೇಳಿದರು, "ಇದ್ರಲ್ಲಾದ್ರೆ ಬೇಗ ಮುಗಿಯುತ್ತಾ?"