ಕೂಸಿಲ್ಲದ ಬಾಣಂತನ

“ಮೈಯೆಲ್ಲಾ ಉರಿಯಾಕತ್ತೇತಿ, ಅದನ್ನ ಹೊರಗ ಒಯ್ರಿ,” ಎಂದು ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟ ಅತ್ತೆಯ ಮೇಲೆ ಕೂಗಾಡಿಬಿಟ್ಟೆ. ಗರ್ಭಕೋಶ ತೆಗೆಸಿಕೊಂಡು ಶಿಗ್ಗಾಂವಿಯ ಮನೆಗೆ ಬಂದಾಗಿನಿಂದ ಹೀಗೇ ಆಗುತ್ತಿತ್ತು: ಮೈ ಕುದಿಯುವುದು, ಸಿಟ್ಟು ನೆತ್ತಿಗೇರುವುದು, ಹಿಂದೆಯೇ ಸುಮ್ಮಸುಮ್ಮನೆ ಅಳು. ಅತ್ತೆಗೆ ಗೊತ್ತಿದ್ದ ಆರೈಕೆ ಒಂದೇ, ಬಾಣಂತನ. ಇನ್ನು ಅವರು ನನ್ನನ್ನು ಮಾತಾಡಿಸಲಾರರು ಎಂದು ಹೆದರಿದೆ. ಅವರು ಕೆಂಡವನ್ನು ಹಿತ್ತಲಿಗೆ ಒಯ್ದಿಟ್ಟು ಬಂದು, ಮೊರದಿಂದ ಗಾಳಿ ಬೀಸುತ್ತ ಕುಳಿತರು.

“ಬೈಯವ್ವ, ಬೈ. ಸಣ್ಣ ಮಗಳನ್ನ ಹಡದಾಗೂ ಹಿಂಗ ಬೈದಿದ್ದಿ. ಬಾಣಂತಿ ಮಾತು ಯಾರರ ಮನಸ್ಸಿಗೆ ಹಚ್ಕೋತಾರೇನು?”

ಅಳುತ್ತಲೇ ನಕ್ಕೆ.

ಈಗ ಮೈಯ ಉರಿ ತಗ್ಗಿದೆ, ಅತ್ತೆಯೂ ಇಲ್ಲ. ಜೋಳ ಕೇರಲು ಅದೇ ಮೊರ ಎತ್ತಿಕೊಂಡಾಗಲೆಲ್ಲ, ಒಮ್ಮೆ ಮುಖಕ್ಕೆ ಗಾಳಿ ಬೀಸಿಕೊಂಡೇ ಕೆಲಸಕ್ಕೆ ಕೂರುತ್ತೇನೆ.