ಡಿಪೋ ಗೋಡೆಯ ಮೇಲೆ ಅವ್ವ

ಮತ್ತಿಕೆರೆಯಲ್ಲಿ ಕಾಲೇಜಿನ ಹುಡುಗರಿಗಿಂತ ಎಮ್ಮೆಗಳೇ ಹೆಚ್ಚು ಓಡಾಡುತ್ತಿದ್ದ ಕಾಲ. ಎಪ್ಪತ್ತರ ದಶಕದ ಕೊನೆ. ನನಗೆ ಎಂಟೋ ಒಂಬತ್ತೋ ವರ್ಷ. ಗೊರಗುಂಟೆಪಾಳ್ಯದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಅಪ್ಪ ನಮ್ಮನ್ನು ಬಾಗಲಕೋಟೆ ಸೀಮೆಯಿಂದ ಕರೆತಂದು ವಠಾರದ ಎರಡು ಕೋಣೆಯಲ್ಲಿ ಇರಿಸಿದ್ದ. ಬೀದಿಯವರಿಗೆ ನಮ್ಮ ಮಾತು ಕೇಳಿದರೆ ನಗು, ನಮಗೆ ಅವರ ಮುದ್ದೆ ಕಂಡರೆ ಅಳು.

ಬೀದಿಯ ಕೊನೆಗೆ ಮುಚ್ಚಿಹೋದ ಒಂದು ಮರದ ಡಿಪೋ ಇತ್ತು. ಅದರ ಉದ್ದನೆಯ ಗೋಡೆಯ ಪಕ್ಕದಲ್ಲೇ ಬೀದಿ ನಲ್ಲಿ. ಬೆಳಗ್ಗೆ ಹೆಂಗಸರು ಕೊಡ ಇಟ್ಟುಕೊಂಡು ಕಾಯುವುದು ಅಲ್ಲೇ, ಬಸ್ಸಿಳಿದು ಬಂದ ಗಂಡಸರು ಗೋಡೆಗೆ ಮುಖ ಮಾಡಿ ನಿಲ್ಲುವುದೂ ಅಲ್ಲೇ. ಕೊಡದ ನೀರಿಗೂ ಆ ವಾಸನೆ ಹತ್ತಿದೆ ಅನ್ನಿಸಿ ನನಗೆ ವಾಕರಿಕೆ ಬರುತ್ತಿತ್ತು. ಕೊನೆಗೆ ಹಿರಿಯರೆಲ್ಲ ಸೇರಿ, ಎಲ್ಲ ಕಡೆ ಮಾಡುವ ಹಾಗೆ, ಗೋಡೆಗೆ ದೇವರ ಚಿತ್ರ ಬರೆಸುವುದೆಂದು ತೀರ್ಮಾನಿಸಿದರು. ದೇವರಿದ್ದ ಕಡೆ ಯಾರೂ ನಿಲ್ಲುವುದಿಲ್ಲವಲ್ಲ.

ಬರೆಯಲು ಬಂದವನು ಪೇಂಟರ್ ಮುನಿರಾಜಣ್ಣ. ಅಂಗಡಿಯ ಬೋರ್ಡು, ಲಾರಿಯ ಹಿಂದಿನ ನವಿಲು, ಚುನಾವಣೆ ಬಂದರೆ ಗೋಡೆಯ ಮೇಲಿನ ಗುರುತು, ಎಲ್ಲ ಅವನದೇ ಕೈ. ಅಂಟು ಕಾಯಿಸಿ ಪುಡಿ ಬಣ್ಣಕ್ಕೆ ಬೆರೆಸುತ್ತಿದ್ದ. ಅದರ ನಾತಕ್ಕೆ ಮೂಗು ಮುಚ್ಚಿಕೊಂಡೇ ನಾವು ಕುಂಟೆಬಿಲ್ಲೆ ಬಿಟ್ಟು ಅವನ ಸುತ್ತ ಕೂರುತ್ತಿದ್ದೆವು. ಮೊದಲ ದಿನ ಗಣಪತಿ ಬರೆದ. ಮರುದಿನ ಬಂದು ನೋಡಿದರೆ ಗಣಪತಿಯ ಕೆಳಗೆ ನೆಲ ಎಂದಿನಂತೆ ಒದ್ದೆ. ಮುನಿರಾಜಣ್ಣ ಕೈಮುಗಿದು, ಗಣಪತಿಯನ್ನು ಅಳಿಸಿ, ಮೂರು ದಿನ ಕೂತು ಬೇರೆಯದೇ ಬರೆದ. ನಲ್ಲಿಯ ಮುಂದೆ ಸಾಲಾಗಿ ನಿಂತ ಆಳೆತ್ತರದ ಐದು ಹೆಂಗಸರು. ಐವರ ಕಣ್ಣೂ ನೇರ ಬೀದಿಯ ಮೇಲೆ.

"ಏನಪ್ಪಾ ಇದು? ದೇವ್ರನ್ನ ಬರಿ ಅಂದ್ರೆ ಹೆಂಗಸ್ರನ್ನ ಬರ್ದಿದ್ದೀಯಾ! ಇದೂ ಒಂದು ಚಿತ್ರಾನಾ?" ಎಂದು ನಮ್ಮ ವಠಾರದ ಓನರ್ ರೇಗಿದರು.

"ದೇವ್ರಿಗೆ ಈ ಗಂಡಸ್ರು ಎದ್ರಲ್ಲ ಸಾಮಿ. ಹೆಂಗಸ್ರು ನೋಡ್ತಾವ್ರೆ ಅಂದ್ರೆ ನಾಚ್ಕೆ ಆಯ್ತದೆ. ಇಂಗೇ ಇರ್ಲಿ, ನಾಲ್ಕ್ ದಿನ ನೋಡಿ," ಎಂದ ಮುನಿರಾಜಣ್ಣ.

ನಾಲ್ಕು ದಿನವೇನು, ತಿಂಗಳು ಕಳೆದರೂ ಆ ಗೋಡೆಯ ಹತ್ತಿರ ಯಾರೂ ನಿಲ್ಲಲಿಲ್ಲ. ಬಂದವರು ತಲೆ ಎತ್ತಿ ನೋಡಿ, ಸುಮ್ಮನೆ ಕೆಮ್ಮಿ, ಮುಂದೆ ಹೋಗುತ್ತಿದ್ದರು. ಆದರೂ ಓನರ್ ಮಾತ್ರ, "ಬೀದಿ ಗೋಡೆ ಮೇಲಿರೋದು ಚಿತ್ರ ಅಲ್ಲ ಕಣ್ರೀ, ಗಲೀಜು," ಅನ್ನುವುದನ್ನು ಬಿಡಲಿಲ್ಲ.

ಐವರಲ್ಲಿ ನಾಲ್ವರ ಕೊಡ ಸೊಂಟದ ಮೇಲಿತ್ತು. ಐದನೆಯವಳದು ತಲೆಯ ಮೇಲೆ, ಸಿಂಬಿಯ ಮೇಲೆ. ತಲೆತುಂಬ ಸೆರಗು, ಗದ್ದದ ಮೇಲೆ ಹಚ್ಚೆಯ ಮೂರು ಹಸಿರು ಚುಕ್ಕಿ. ಇಡೀ ಬೀದಿಯಲ್ಲಿ ಹಾಗಿದ್ದವಳು ನಮ್ಮವ್ವ ಒಬ್ಬಳೇ. ಅದು ಎಲ್ಲರಿಗೂ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಆದರೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳದಿರುವ ತನಕ ಅವಳು ಯಾರೋ ಒಬ್ಬ ಹೆಂಗಸು. ಅವ್ವ ನೀರಿಗೆ ಹೋದಾಗ ಗೋಡೆಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದಳು. ಅಪ್ಪನಂತೂ ಬೆಳಕಿರುವಾಗ ಆ ದಾರಿಯಲ್ಲಿ ಬರುತ್ತಲೇ ಇರಲಿಲ್ಲ.

ಬಾಯಿಬಿಟ್ಟವಳು ನಾನು. ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅಪ್ಪ ಕಾರ್ಖಾನೆಯ ಇಬ್ಬರು ಗೆಳೆಯರ ಜೊತೆ ವಿಧಿಯಿಲ್ಲದೆ ಅದೇ ದಾರಿಯಲ್ಲಿ ನಡೆದು ಬರುತ್ತಿದ್ದ. ನಾನು ಆಟ ಬಿಟ್ಟು ಓಡಿಹೋಗಿ ಅವನ ಕೈ ಹಿಡಿದು ಜಗ್ಗಿದೆ.

"ಅಪ್ಪಾ, ಇಲ್ನೋಡ! ನಮ್ಮವ್ವ!"

ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ್ದೆ. ಅಷ್ಟು ಹೆಮ್ಮೆ ನನಗೆ. ಗೆಳೆಯರಲ್ಲಿ ಒಬ್ಬ ಚಿತ್ರ ನೋಡಿದ, ಅಪ್ಪನನ್ನು ನೋಡಿದ, ನಕ್ಕುಬಿಟ್ಟ. "ಏನ್ ಗುರು, ಮನೆಯವರನ್ನ ಕಾವಲಿಗೆ ನಿಲ್ಸಿದ್ದೀಯಾ?"

ಅಪ್ಪ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಮನೆಗೆ ಬಂದವನೇ ಮೂಲೆ ಹಿಡಿದು ಕೂತ. ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಮುಟ್ಟಲಿಲ್ಲ.

"ಗಂಡಸೂರು ಉಚ್ಚಿ ಹೊಯ್ಯೂ ಗ್ವಾಡಿ ಮ್ಯಾಲ ನಮ್ಮನಿ ಹೆಣ್ಣಮಗಳ ಮಾರಿ. ಇನ್ನ ನಾ ಹ್ಯಾಂಗ ಫ್ಯಾಕ್ಟರಿಗೆ ಹೋಗ್ಲಿ?"

ಅವ್ವ ತಟ್ಟೆಯನ್ನು ಅವನ ಕಡೆ ಇನ್ನಷ್ಟು ಸರಿಸಿದಳು. ಆಮೇಲೆ, "ಏಳ್ರಿ, ಊಟ ಮಾಡ್ರಿ. ಮುಂಜಾನೆ ನಾನ ಸುಣ್ಣ ಬಳದು ಬರ್ತೀನಿ," ಎಂದಳು.

ದೀಪಾವಳಿಗೆಂದು ಮನೆಯಲ್ಲಿ ಸುಣ್ಣ ನೆನೆಹಾಕಿತ್ತು. ಭಾನುವಾರ ನಲ್ಲಿಗೆ ಜನ ಬರುವ ಮೊದಲೇ ಅವ್ವ ನನ್ನ ಕೈಗೆ ಬಕೆಟ್ ಕೊಟ್ಟು ಕರೆದುಕೊಂಡು ಹೋದಳು. ಸೆರಗನ್ನು ಮೂಗಿನ ತನಕ ಎಳೆದುಕೊಂಡು, ಮುಖ ಆ ಕಡೆ ತಿರುಗಿಸಿ, ಬರೀ ಕೈ ಚಾಚಿ ಬಳಿಯತೊಡಗಿದಳು.

"ಹೋತೇನ?"

"ಇಲ್ಲವ್ವಾ, ಇನ್ನಾ ಕಾಣಾಕತ್ತೈತಿ."

ಮತ್ತೆ ಬಳಿದಳು. ಮತ್ತೆ ಕೇಳಿದಳು. ಹಸಿ ಸುಣ್ಣದ ಒಳಗಿಂದ ಬಣ್ಣ ಕಂಡೇ ಕಾಣುತ್ತದೆ, ಒಣಗಿದ ಮೇಲಷ್ಟೇ ಬಿಳುಪು ಏರುತ್ತದೆ. ವರ್ಷವರ್ಷವೂ ಮನೆಗೆ ಸುಣ್ಣ ಬಳಿದ ಅವ್ವನಿಗೆ ಅದು ಗೊತ್ತಿರಲಿಲ್ಲವೆ? ಆದರೂ ನಿಲ್ಲಿಸಲಿಲ್ಲ. ಸುಣ್ಣ ಚರ್ಮ ತಿಂದು ಬೆರಳ ಸಂದಿಯೆಲ್ಲ ಕೆಂಪಾಗಿತ್ತು. ತನ್ನದು ಮುಗಿದ ಮೇಲೆ ಉಳಿದ ನಾಲ್ವರಿಗೂ ಬಳಿದಳು. ಅವರನ್ನೇಕೆ ಎಂದು ಕೇಳಿದೆ.

"ಒಬ್ಬಾಕಿನ್ನ ಅಳಿಸಿದ್ರ, ಅಕಿ ನಾನ ಅಂತ ಹೇಳಿದಂಗ ಆಗ್ತೈತಿ."

ನಾನು ಮಾತ್ರ ಕಣ್ಣು ತೆಗೆಯದೆ ಆ ಮುಖವನ್ನೇ ನೋಡುತ್ತ ನಿಂತಿದ್ದೆ. ಬಿಸಿಲೇರಿ ಗೋಡೆ ಒಣಗಿದಾಗ, "ಈಗ ಹೋತವ್ವಾ," ಎಂದೆ.

ಮಧ್ಯಾಹ್ನ ಮುನಿರಾಜಣ್ಣ ಬಂದ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಗೋಡೆಯ ಮೇಲೆ ಬೆರಳಾಡಿಸಿ, "ಸುಣ್ಣ ಚೆನ್ನಾಗಿ ಇಡ್ದದೆ," ಎಂದಷ್ಟೇ ಅಂದು ಹೋದ. ಆ ಗೋಡೆಗೆ ಮತ್ತೆ ಅವನು ಏನನ್ನೂ ಬರೆಯಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಗಂಡಸರು ಮತ್ತೆ ಬಂದು ನಿಂತರು.

ಈಗ ಆ ಡಿಪೋ ಇಲ್ಲ, ನಲ್ಲಿಯೂ ಇಲ್ಲ. ನಾನಿರುವ ಸಂಜಯನಗರದಲ್ಲಿ ಮೊನ್ನೆ ಪಾರ್ಕಿನ ಗೋಡೆಗೆ ಚಿತ್ರ ಬರೆಸುವ ಮಾತು ಬಂತು. "ನಾಲ್ಕು ಮಳೆಗೆ ಹೋಗೋದಕ್ಕೆ ಕಲೆ ಅಂತೀರೇನ್ರೀ?" ಎಂದು ಒಬ್ಬರು ವಾದಿಸಿದರು. ನನ್ನನ್ನೂ ಕೇಳಿದರು. ಕಲೆಯ ಬೆಲೆ ಕಟ್ಟುವಷ್ಟು ಓದಿದವಳಲ್ಲ ನಾನು. ನಮ್ಮವ್ವನನ್ನು ಅಷ್ಟು ಗಮನವಿಟ್ಟು ನೋಡಿದವನು ಜಗತ್ತಿನಲ್ಲಿ ಆ ಪೇಂಟರ್ ಒಬ್ಬನೇ ಎಂಬುದಷ್ಟೇ ನನಗೆ ಗೊತ್ತು. ಅವನು ನೋಡಿದ್ದನ್ನು ನಾವು ಒಂದೇ ಬೆಳಗಿನಲ್ಲಿ ಇಲ್ಲವಾಗಿಸಿದೆವು, ಅದಕ್ಕೆ ಕಾರಣ ನನ್ನ ಬಾಯಿ.

ಅವ್ವ ಹೋಗುವ ಮುಂಚೆ ಎರಡು ವಾರ ಆಸ್ಪತ್ರೆಯಲ್ಲಿದ್ದಳು. ಅಷ್ಟು ವರ್ಷ ಆ ಮಾತು ಎತ್ತದವಳು ಒಂದು ಸಂಜೆ ಇದ್ದಕ್ಕಿದ್ದಂತೆ ಕೇಳಿದಳು: "ಆ ಗ್ವಾಡಿ ಮ್ಯಾಲ ನಾ ನಗಾಕತ್ತಿದ್ನೇನ?"

ಅವಳು ಅದನ್ನು ಒಮ್ಮೆಯೂ ನೋಡಿರಲಿಲ್ಲ. ನನಗೆ ಕೊಡ ನೆನಪಿತ್ತು, ಸೆರಗು ನೆನಪಿತ್ತು, ಗದ್ದದ ಚುಕ್ಕಿಗಳು ನೆನಪಿದ್ದವು. ತುಟಿ ಎಷ್ಟು ತಡಕಿದರೂ ಸಿಗಲಿಲ್ಲ. ಆ ಬೆಳಗ್ಗೆ ಅಷ್ಟು ಹೊತ್ತು ನೋಡಿದ್ದೆ ನಿಜ. ಆದರೆ ಹೋಯಿತೋ ಇಲ್ಲವೋ ಎಂದಷ್ಟೇ ನೋಡಿದ್ದೆ.

"ಹೂಂ ಅವ್ವಾ, ನಗಾಕತ್ತಿದ್ದಿ," ಎಂದೆ.

"ಹಂಗಾರ ಛಲೋ ಬರದಿದ್ದ ಬಿಡು," ಎಂದಳು ಅವ್ವ.