ಚರಿಗೆಯಲ್ಲಿ ಬಂದ ಮೀನು

ಹುಮನಾಬಾದಿನಲ್ಲಿ ಕೌದಿ ಹೊಲಿಯುವವರು ಬೇಕಾದಷ್ಟು ಮಂದಿ ಇದ್ದರು. ಆದರೆ ವರ್ಷಕ್ಕೊಮ್ಮೆ ಚರಿಗೆ ನೀರಿನಲ್ಲಿ ಮೀನು ಇಟ್ಟುಕೊಂಡು ಲಿಂಗಾಯತರ ಮನೆ ಬಾಗಿಲಲ್ಲಿ ನಿಲ್ಲುವವಳು ಅಕ್ಬರಿ ಒಬ್ಬಳೇ.

ಆ ಮನೆ ಪಕ್ಕದ ಮುಕ್ತಾಬಾಯಿಯದು. ಮುಕ್ತಾಬಾಯಿಗೆ ದಮ್ಮಿನ ಕಾಯಿಲೆ. ಮಳೆಗಾಲ ಶುರುವಾಯಿತೆಂದರೆ ಆಕೆಯ ಎದೆಯ ಸಿಳ್ಳು ಗೋಡೆಯಾಚೆ ಅಕ್ಬರಿಗೆ ಕೇಳಿಸುತ್ತಿತ್ತು. ಡಾಕ್ಟರು ಕೊಟ್ಟ ಪಂಪು ಸೇದಿದರೆ ಅರ್ಧ ದಿನ ತಡೆಯುತ್ತಿತ್ತು. ಬಸವಕಲ್ಯಾಣದ ಕಡೆಯ ಅಕ್ಬರಿಯ ತವರಿನಲ್ಲಿ ಇದಕ್ಕೆ ಬೇರೆಯೇ ಮದ್ದು ನಂಬುತ್ತಿದ್ದರು. ಮುಂಗಾರಿನ ಮೊದಲಿಗೆ ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದು ಕಲ್ಲುಹಳ್ಳ ಹರಿಯತೊಡಗಿದಾಗ ಕಲ್ಲಿನ ಬುಡದ ಮೀನು ಹಿಡಿದು, ಬೆಲ್ಲದಲ್ಲಿ ಅದ್ದಿ, ಜೀವಂತ ನುಂಗಬೇಕು. ಕಿರುಬೆರಳಿನಷ್ಟು ಮೀನು, ಕಲ್ಲಿನದೇ ಬಣ್ಣ, ಬಾಯಿಗೆ ಪುಟ್ಟ ಮೀಸೆ. ಹಳ್ಳ ಎಷ್ಟೇ ರಭಸದಿಂದ ಹರಿಯಲಿ, ತಳಕ್ಕೆ ಹೊಟ್ಟೆ ಒತ್ತಿಕೊಂಡು ತನಗೂ ನೀರಿಗೂ ಸಂಬಂಧವೇ ಇಲ್ಲವೆಂಬಂತೆ ಕೂತಿರುತ್ತದೆ. ಸೆರಗು ಹರವಿ ಕಲ್ಲು ಎತ್ತಿದರೆ ಸಿಕ್ಕಿತು.

ಹೀಗೆ ಅಕ್ಬರಿ ವರ್ಷಾ ವರ್ಷ ತವರಿಗೆ ಹೋಗಿ, ಹಳ್ಳಕ್ಕಿಳಿದು ಒಂದು ಮೀನು ಹಿಡಿದು, ಚರಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಅದರಲ್ಲಿ ಏನೆಂದು ಯಾರಾದರೂ ಕೇಳಿದರೆ "ದವಾ" ಎನ್ನುತ್ತಿದ್ದಳು. ಮುಕ್ತಾಬಾಯಿ ಚರಿಗೆಯೊಳಗೆ ಇಣುಕಿ, ಮೀನಿನ ಮೀಸೆ ನೋಡಿ ಮುಖ ಸಿಂಡರಿಸಿ, ಇದು ದಿನಾ ಲಿಂಗಪೂಜೆ ನಡೆಯುವ ಮನೆಯೆಂದು ನೆನಪಿಸಿ, ಚಹಾ ಕುಡಿಸಿ ಕಳಿಸುತ್ತಿದ್ದಳು. ಮರುದಿನ ಮೀನು ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತಿತ್ತು. ಕಂಡಕ್ಟರು ಅದಕ್ಕೆ ಟಿಕೆಟು ಕೇಳುತ್ತಿರಲಿಲ್ಲ ಎಂಬುದೊಂದೇ ಸಮಾಧಾನ.

೨೦೦೧ರ ಮಿರಗದಲ್ಲಿ ಮುಕ್ತಾಬಾಯಿ ಇಣುಕಲಿಲ್ಲ. ಮಲಗಲಾಗದೆ ಗೋಡೆಗೊರಗಿ ಕೂತೇ ದಿನ ಕಳೆದು ಸೋತಿದ್ದಳು.

"ಹಾಕು ಅಕ್ಬರಿ," ಎಂದಳು. "ಉಸಿರು ಬಂದ್ರ ಸಾಕ ಅನಸ್ಯಾದ ನನಗ."

ಕಣ್ಣು ಮುಚ್ಚಿ ಬಾಯಿ ತೆರೆದಳು. ಅಕ್ಬರಿಯ ಕೈಗೆ ಮೀನು ಸಿಕ್ಕಿತು. ಅಷ್ಟರಲ್ಲಿ ಆ ಮುಚ್ಚಿದ ಕಣ್ಣಿನಿಂದ ನೀರು ಇಳಿಯುವುದು ಕಂಡಿತು. ಇಷ್ಟು ವರ್ಷ ಬೆನ್ನು ಹತ್ತಿದವಳಿಗೆ ಈಗ ಮನಸ್ಸು ಬರಲಿಲ್ಲ. ಮೀನನ್ನು ನೀರಿಗೆ ಬಿಟ್ಟು, ಬರೀ ಬೆಲ್ಲದ ಉಂಡೆಯನ್ನು ಬಾಯಿಗೆ ತಳ್ಳಿದಳು.

"ಹೋಯ್ತೇನ?"

"ಹೋಯ್ತ್ರಿ ಅಕ್ಕ."

"ಒದ್ದಾಡಿದ್ದು ಗೊತ್ತಾಯ್ತು ನನಗ," ಎಂದಳು ಮುಕ್ತಾಬಾಯಿ.

ಆ ಮಳೆಗಾಲ ಗೋಡೆಯಾಚೆ ಸಿಳ್ಳು ಕೇಳಲಿಲ್ಲ. ಅಕ್ಬರಿ ಹಿಗ್ಗಿದಳು. ಆಮೇಲೆ ಗಮನಕ್ಕೆ ಬಂತು, ಬೆಳಗಿನ ಮಂತ್ರವೂ ಕೇಳುತ್ತಿಲ್ಲ. ಮುಕ್ತಾಬಾಯಿ ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಳು. ಪೂಜೆಯಿಲ್ಲದ ಮೇಲೆ ಊಟವೇಕೆ ಎಂದು ರೊಟ್ಟಿಯನ್ನೂ ಅರ್ಧಕ್ಕೆ ಇಳಿಸಿದ್ದಳು.

"ಮೀನ ನುಂಗಿದ ಬಾಯಿಲೆ ಹ್ಯಾಂಗ ಶಿವನ ಹೆಸರು ತಗೊಳ್ಲಿ?" ಎಂದು ಅಕ್ಬರಿಯನ್ನೇ ಕೇಳಿದಳು.

ಅಕ್ಬರಿಗೆ ಕೌದಿ ಮುಂದೆ ಸಾಗದಾಯಿತು. ನಿಜ ಹೇಳಿದರೆ ಆಕೆಯ ಉಸಿರು ಹೋದೀತು, ಹೇಳದಿದ್ದರೆ ದೇವರು ಹೋಗಿಯೇ ಬಿಟ್ಟಿದ್ದಾನೆ. ಹೆದರಿಕೆಯೂ ಆಯಿತು, ತನ್ನ ಮೇಲೆ ಸಿಟ್ಟೂ ಬಂತು. ದೀಪಾವಳಿಯ ಹೊತ್ತಿಗೆ ಮುಕ್ತಾಬಾಯಿಯ ಬಳೆಗಳು ಮೊಣಕೈತನಕ ಜಾರತೊಡಗಿದವು. ಅಕ್ಬರಿಗೆ ಇನ್ನು ತಡೆಯಲಾಗಲಿಲ್ಲ.

"ಅಕ್ಕ, ನೀವು ನುಂಗಿದ್ದು ಬರೀ ಬೆಲ್ಲರಿ. ಮೀನ ಹಳ್ಳದಾಗ ಆರಾಮ ಅದ, ನಾನೇ ಬಿಟ್ಟು ಬಂದೀನಿ. ಅಲ್ಲಾಹನ ಆಣೆ."

ಮುಕ್ತಾಬಾಯಿ ಬೈಯಲು ಬಾಯಿ ತೆರೆದಳು. ಬೈಗುಳಕ್ಕಿಂತ ಮುಂಚೆ ಸಿಳ್ಳು ಬಂತು. ಪಂಪು ಸೇದಿ, ಸುಧಾರಿಸಿಕೊಂಡು, ಸ್ನಾನಕ್ಕೆದ್ದಳು. ಸಂಜೆ ಗೋಡೆಯಾಚೆಯಿಂದ ಮಂತ್ರ ಕೇಳಿತು, ನಡುನಡುವೆ ಸಿಳ್ಳಿನೊಂದಿಗೆ. ಅಕ್ಬರಿ ಅರ್ಧ ಹೊಲಿದ ಕೌದಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮುಂದಿನ ಮಿರಗಕ್ಕೆ ಅವಳು ತವರಿಗೆ ಹೊರಡಲಿಲ್ಲ. ಹಳ್ಳ ಬಂದ ಸುದ್ದಿ ಕೇಳಿ ಮುಕ್ತಾಬಾಯಿಯೇ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಕೈಯಲ್ಲಿ ತನ್ನ ಮನೆಯದೇ ಒಂದು ಚರಿಗೆ.

"ಹೋಗಿ ಬಾ," ಎಂದಳು. "ಬಾಯಾಗ ಏನ್ ಹಾಕ್ತಿ ಹಾಕು. ಆದ್ರ ನಾ ಸಾಯೂತನ ನನಗ ಹೇಳಬ್ಯಾಡ. ಪಾಪ ಬಂದ್ರ ನಿನ್ನ ಹೆಸರಿಗಿ ಬರ್ಲಿ."

"ನನ್ನ ಹೆಸರಿಗೇ ಬರ್ಲಿರಿ ಅಕ್ಕ," ಎಂದು ಅಕ್ಬರಿ ಚರಿಗೆ ಇಸಿದುಕೊಂಡಳು.